ಹಿಂದಕ್ಕೆ ಓಡಿದ ಮೀಟರ್

ಮೀಟರ್ ಮೇಡಂಗೆ ಕೋಪ ಬಂದರೆ ದನಿ ಏರುವುದಿಲ್ಲ, ಬೋರ್ಡಿನ ಮೇಲಿನ ಅಕ್ಷರ ಚಿಕ್ಕದಾಗುತ್ತದೆ. ಹಿಂದಿನ ಬೆಂಚಿನವರಿಗೆ ಓದಲಾಗದಷ್ಟು ಚಿಕ್ಕದಾದರೆ ಇವತ್ತು ಯಾರಿಗೋ ಕಾದಿದೆ ಎಂದು ಇಡೀ ತರಗತಿ ತೆಪ್ಪಗಾಗುತ್ತದೆ. ಆರು ವರ್ಷಗಳಿಂದ ಆ ಅಕ್ಷರ ದೊಡ್ಡದಾದದ್ದೇ ಇಲ್ಲ ಎನ್ನುವುದು ಸ್ಟಾಫ್ ರೂಮಿನ ಮಾತು. ಸ್ವಲ್ಪ ಹೆಚ್ಚಿಗೆ ಸೇರಿಸಿರಬಹುದು. ಆ ಕೋಣೆಯಲ್ಲಿ ಟೀ ಒಂದನ್ನು ಬಿಟ್ಟು ಮಿಕ್ಕ ಯಾವುದನ್ನೂ ಕಡಿಮೆ ಕೊಟ್ಟ ದಾಖಲೆ ಇಲ್ಲ.

ಇಪ್ಪತ್ತೆರಡು ವರ್ಷಗಳಿಂದ ಆಕೆ ಒಂದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ. ಅಲ್ಲಿ ಪ್ರಯೋಗಾಲಯವೆಂದರೆ ಒಂದು ಕಬ್ಬಿಣದ ಬೀರು, ಅದೂ ಒದ್ದರೆ ಮಾತ್ರ ತೆರೆಯುತ್ತದೆ. ಶಕ್ತಿಯ ಪಾಠದಲ್ಲಿ ಅಣೆಕಟ್ಟಿನ ಚಿತ್ರವಿತ್ತು, ಗಾಳಿಯಂತ್ರದ ಚಿತ್ರವಿತ್ತು. ಮಕ್ಕಳು ಎರಡನ್ನೂ ಕಂಡವರಲ್ಲ. ಆದರೆ ಎಲ್ಲರ ಮನೆ ಬಾಗಿಲ ಪಕ್ಕದಲ್ಲೂ ಒಂದು ಕರೆಂಟ್ ಮೀಟರ್ ಇತ್ತು. ಆಕೆ ತನ್ನ ಮನೆಯ ಮೀಟರಿನ ಅಂಕಿಯನ್ನು ಒಂದು ವಾರ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬರೆದಿಟ್ಟು, ಹದಿನಾಲ್ಕು ಸಾಲಿನ ಒಂದು ಹಾಳೆ ಮಾಡಿದಳು. ಬೆಳಗಿನ ಅಂಕಿ ಆಕೆಯದು. ಸಂಜೆ ಆಕೆ ಇನ್ನೂ ಬಸ್ಸಿನಲ್ಲಿರುತ್ತಿದ್ದುದರಿಂದ ಅತ್ತೆಯೇ ಸ್ಟೂಲು ಹತ್ತಿ, ಕನ್ನಡಕ ಒರೆಸಿಕೊಂಡು ನೋಡಿ ಬರೆದಿಡುತ್ತಿದ್ದರು.

ಆಕೆಗೊಂದು ಪದ್ಧತಿಯಿತ್ತು. ಮಕ್ಕಳಿಗೆ ಕೊಡುವ ಪ್ರತಿ ಹಾಳೆಯಲ್ಲೂ ಬೇಕೆಂದೇ ಒಂದು ಸುಳ್ಳು ಇಡುವುದು. ಅದನ್ನು ಹಿಡಿದ ಮಗು ಒಂದು ಪೀರಿಯಡ್ ಪೂರ್ತಿ ಟೀಚರ್ ಕುರ್ಚಿಯಲ್ಲಿ ಕೂರಬಹುದು, ಒಂದು ನೋಟ್‌ಬುಕ್ಕಿನಲ್ಲಿ ರುಜು ಹಾಕಬಹುದು. ಮೀಟರ್ ಹಾಳೆಯ ಸುಳ್ಳು ಹೀಗಿತ್ತು: ಬುಧವಾರ ಸಂಜೆ 4738, ಗುರುವಾರ ಬೆಳಿಗ್ಗೆ 4735. ಮೀಟರು ಮುಂದೆ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ಉರಿಸಿದವರ ಮೇಲೆ ಕನಿಕರ ಬಂದು ಹಿಂದಕ್ಕೆ ಬರುವುದಿಲ್ಲ. 'ಒಂದು ಸಾಲನ್ನು ನಂಬುವಂತಿಲ್ಲ, ಯಾವುದು?' ಎಂಬ ಪ್ರಶ್ನೆಯೂ ಅದರ ಉತ್ತರವೂ ಟೀಚರ್ ಪ್ರತಿಯ ಹಿಂಬದಿಯಲ್ಲಿ ಮಾತ್ರ ಇದ್ದವು.

ಆರು ವರ್ಷದ ಹಿಂದೆ ವಿಜ್ಞಾನ ಶಿಕ್ಷಕರ ಶಕ್ತಿ ಕಾರ್ಯಾಗಾರದಲ್ಲಿ ಆಕೆ ಈ ಹಾಳೆಯ ಟೀಚರ್ ಪ್ರತಿಯ ಒಂದು ನಕಲನ್ನು ತೋರಿಸಿದಳು. ತರಬೇತಿ ಕೊಡುತ್ತಿದ್ದವರಿಗೆ ಶಿಕ್ಷಕರು ಇಟ್ಟ ಹೆಸರು ಕಾಲರ್ ಮೈಕ್. ಟೀ ಕುಡಿಯುವಾಗಲೂ ಅಂಗಿಯ ಮೈಕ್ ತೆಗೆಯದ ಮನುಷ್ಯ. ಅವರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ ಮೇಡಂ, ವಿಜ್ಞಾನ ಕೇಳಿದ್ರೆ ಮನೆ ಬಿಲ್ ತಂದಿದೀರಲ್ಲ! ಹಾಲಿನ ಚೀಟೀನೂ ತರಬೇಕಿತ್ತು" ಅಂದರು. ನಲವತ್ತು ಜನ ನಕ್ಕರು. ನಕ್ಕಾದ ಮೇಲೆ ಅವರು ಹಾಳೆಯನ್ನು ಹಿಂದಕ್ಕೆ ಕೊಡಲಿಲ್ಲ.

ಮರುವರ್ಷ ಅದು ಕಾರ್ಯಾಗಾರದಲ್ಲಿ ಹಂಚಿದ ಕೈಪಿಡಿಯಲ್ಲಿ ಅಚ್ಚಾಗಿ ಬಂತು. 'ನಮ್ಮ ಮನೆಯ ಮೀಟರ್: ಲೇಖಕರು ಸಂಗ್ರಹಿಸಿದ ಅಂಕಿಗಳು.' ಲೇಖಕರು ಕಾಲರ್ ಮೈಕ್. ಆಕೆ ಎದ್ದು ನಿಂತು, "ಸರ್, ಇದು ನಂದು" ಅಂದಳು.

"ಒಳ್ಳೇ ಐಡಿಯಾ ನಾಲ್ಕು ಜನಕ್ಕೆ ಹೊಳೆಯುತ್ತೆ ಮೇಡಂ. ಅಚ್ಚು ಹಾಕಿಸೋದು ಮಾತ್ರ ಒಬ್ಬರೇ" ಎಂದರು ಅವರು. ಮತ್ತೆ ನಗು. ಆ ಸಲದ ಪ್ರಮಾಣಪತ್ರದಲ್ಲಿ ಆಕೆಯ ಹೆಸರಿನ ಮುಂದೆ ಅವರ ಕೈಬರಹದಲ್ಲೇ ಒಂದು ಷರಾ: 'ವಿಷಯವನ್ನು ಇನ್ನೂ ಅರ್ಥ ಮಾಡಿಕೊಳ್ಳಬೇಕಿದೆ.'

ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೈಪಿಡಿ ತೆರೆದವಳ ಕಣ್ಣಿಗೆ ಬಿದ್ದದ್ದು ಬುಧವಾರ ಸಂಜೆ 4738, ಗುರುವಾರ ಬೆಳಿಗ್ಗೆ 4735. ಮಹಾಶಯರು ಹಾಳೆಯ ಮುಂಬದಿ ಮಾತ್ರ ನಕಲು ತೆಗೆಸಿದ್ದರು. ಹಿಂದೆ ತಿರುಗಿಸಿ ನೋಡಿರಲಿಲ್ಲ. ಶಿಕ್ಷಕರೋ, ಕೊನೆಯ ಅಂಕಿಯಲ್ಲಿ ಮೊದಲ ಅಂಕಿ ಕಳೆದು ವಾರದ ಯೂನಿಟ್ ಹೇಳಿಸಿ ಕೈತೊಳೆದುಕೊಳ್ಳುವವರು. ನಡುವಿನ ಸಾಲುಗಳು ಯಾರ ಗೊಡವೆಯೂ ಇಲ್ಲದೆ ತಣ್ಣಗೆ ಕೂತಿದ್ದವು.

ಮರುದಿನವೇ ಹೇಳಬಹುದಿತ್ತು. ಒಂದು ತಿದ್ದುಪಡಿ ಚೀಟಿ ಅಂಟಿಸಿ ಮುಗಿಸಿಬಿಡುತ್ತಿದ್ದರು. ಅಷ್ಟು ಅಗ್ಗಕ್ಕೆ ಕೊಡುವ ಮನಸ್ಸು ಆಕೆಗಿರಲಿಲ್ಲ. ಪ್ರತಿ ವರ್ಷ ಕಾರ್ಯಾಗಾರಕ್ಕೆ ಹೋದಳು, ಅದೇ ಹಾಳೆಯನ್ನು ಅವರಿಂದಲೇ ಕಲಿತಳು, ತಲೆಯಾಡಿಸಿದಳು, ಬಿಸ್ಕತ್ತು ತಿಂದಳು, ಬಂದಳು. ಮನೆಯಲ್ಲಿ ಸಮಾಧಾನ ಹೇಳುವವರೂ ಇರಲಿಲ್ಲ. ಗಂಡ ಒಮ್ಮೆ, "ಹೋಗ್ಲಿ ಬಿಡೇ" ಅಂದದ್ದಕ್ಕೆ ಅತ್ತೆಯೇ ಅವನನ್ನು ಸುಮ್ಮನಾಗಿಸಿದ್ದರು. "ಸ್ಟೂಲ್ ಮೇಲೆ ನಿಂತು ಕತ್ತು ಉಳುಕಿಸಿಕೊಂಡವಳು ನಾನು. ಅವನ ಮನೇದಂತೆ! ನೀನು ಬಾಯಿ ಮುಚ್ಚು."

ಈ ವರ್ಷ ಸುದ್ದಿ ಬಂತು. ಕೈಪಿಡಿಯ ಹೊಸ ಮುದ್ರಣ ಎಲ್ಲ ಶಾಲೆಗಳಿಗೂ ಹೋಗಲಿದೆ. ಶಿಕ್ಷಣ ಇಲಾಖೆಯ ನಿರ್ದೇಶಕರೇ ಬಂದು ಬಿಡುಗಡೆ ಮಾಡುತ್ತಾರೆ. ಅದೇ ವೇದಿಕೆಯಲ್ಲಿ ಕಾಲರ್ ಮೈಕನ್ನು ತರಬೇತಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿದ ಆದೇಶ ಓದುತ್ತಾರೆ. ಆ ದಿನ ತಪ್ಪಿದರೆ ಹಾಳೆ ಶಾಶ್ವತವಾಗಿ ಅವರದು. ಮತ್ತೆ ಅವಕಾಶ ಸಿಕ್ಕರೂ ಆಗ ಅವರು ಆಕೆಯ ಮೇಲಧಿಕಾರಿ.

ಬೆಳಿಗ್ಗೆ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಬಂದರು.

"ನೋಟ್‌ಬುಕ್ ಇಟ್ಕೊಂಡ್ಯಾ?"

"ಇಟ್ಕೊಂಡೆ ಅತ್ತೆ."

"ಮೊದಲೇ ರೇಗಬೇಡ. ಅವನ ಬಾಯಿಂದಲೇ ಎಲ್ಲಾ ಬರಲಿ."

"ನೀವು ಪಾಠ ಮಾಡಬೇಕಿತ್ತು ಅತ್ತೆ."

"ಮಾಡಿದ್ರೆ ನಿನ್ನ ಹಾಗೆ ಆರು ವರ್ಷ ಕಾಯ್ತಿರಲಿಲ್ಲ."

ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಬಾಟಲಿಗಳು, ಗೋಡೆಗೆ 'ಶಕ್ತಿ ಉಳಿಸಿ' ಎಂಬ ಬ್ಯಾನರ್. ಅದರ ಕೆಳಗೆ ಹಾಡಹಗಲಲ್ಲಿ ಹನ್ನೆರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ನಿರ್ದೇಶಕರು ಮುಂದಿನ ಸಾಲಿನಲ್ಲಿ ಕೂತು ಆಕಳಿಕೆ ನುಂಗುತ್ತಿದ್ದರು. ಕಾಲರ್ ಮೈಕ್ ಮೀಟರ್ ಹಾಳೆಯನ್ನು ಪರದೆಯ ಮೇಲೆ ಹಾಕಿ, "ಇದು ನನ್ನ ಕೂಸು. ಏನಾದ್ರೂ ಅನುಮಾನ ಇದ್ರೆ ಕೇಳಿ" ಅಂದರು. ಯಾರೂ ಕೇಳುವುದಿಲ್ಲ ಎಂಬ ನಂಬಿಕೆಯಿಂದ ಮೌಸ್ ಮೇಲೆ ಬೆರಳಿಟ್ಟಿದ್ದರು.

ಮೂರನೆಯ ಸಾಲಿನಿಂದ ಮೀಟರ್ ಮೇಡಂ ಎದ್ದಳು.

"ಸರ್, ಒಂದು ಸಣ್ಣ ಅನುಮಾನ. ಇದು ನಿಮ್ಮ ಮನೆ ಮೀಟರೇ ಅಲ್ವಾ?"

"ಮತ್ತೆ? ನಾನೇ ನೋಡಿ ಬರೆದಿದ್ದು ಮೇಡಂ. ಎರಡೂ ಹೊತ್ತು."

"ಬುಧವಾರ ಸಂಜೆ ಎಷ್ಟಿದೆ ಸರ್?"

"ನಾಲ್ಕು ಸಾವಿರದ ಏಳ್ನೂರ ಮೂವತ್ತೆಂಟು."

"ಗುರುವಾರ ಬೆಳಿಗ್ಗೆ?"

"ಏಳ್ನೂರ ಮೂವತ್ತ..." ಅವರು ನಿಂತರು. ಪರದೆಯತ್ತ ಒಂದು ಹೆಜ್ಜೆ ಇಟ್ಟು ಕಣ್ಣು ಕಿರಿದು ಮಾಡಿದರು. "ಮೂವತ್ತೈದು."

"ಮೂರು ಯೂನಿಟ್ ಎಲ್ಲಿಗೆ ಹೋಯ್ತು ಸರ್?"

ಅಚ್ಚಿನ ತಪ್ಪು ಎಂದು ಒಂದು ಮಾತು ಹೇಳಿದ್ದರೆ ಅವರು ಬಚಾವಾಗುತ್ತಿದ್ದರು. ಆದರೆ ಐದು ವರ್ಷ ತನ್ನದೆಂದು ತೋರಿಸಿದ ಅಂಕಿಯಲ್ಲಿ ತಪ್ಪಿದೆ ಎಂದು ನಿರ್ದೇಶಕರ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಮುಖದಲ್ಲಿ ನಗು ಮೂಡಿತು.

"ಒಳ್ಳೇ ಪ್ರಶ್ನೆ! ನಮ್ಮನೇಲಿ ಸೋಲಾರ್ ಇದೆ. ಮಿಕ್ಕ ಕರೆಂಟ್ ಹೊರಗೆ ಹೋದಾಗ ಮೀಟರ್ ಹಿಂದಕ್ಕೆ ಓಡುತ್ತೆ. ಇದನ್ನೇ ಮಕ್ಕಳಿಗೆ ತೋರಿಸಬೇಕು ಅಂತ ನಾನು ಬೇಕಂತಲೇ ಆ ಸಾಲು ಇಟ್ಟಿದೀನಿ."

ಆಕೆ ಸೆರಗು ಸರಿಮಾಡಿಕೊಂಡಳು. ಕೈಗೆ ಬಂದ ಸುಖವನ್ನು ಆತುರಪಟ್ಟು ಖರ್ಚು ಮಾಡುವವಳಲ್ಲ.

"ಬುಧವಾರ ಸಂಜೆ ಆರರಿಂದ ಗುರುವಾರ ಬೆಳಿಗ್ಗೆ ಆರು. ನಿಮ್ಮನೇಲಿ ರಾತ್ರಿಯೆಲ್ಲಾ ಬಿಸಿಲು ಇರುತ್ತಾ ಸರ್?"

ಮೊದಲು ಹಿಂದಿನ ಸಾಲಿನಿಂದ ಒಂದು ನಗು ಬಂತು. ಆಮೇಲೆ ಎಲ್ಲ ಕಡೆಯಿಂದ. ಆ ನಗುವಿನಲ್ಲಿ ಕೊಂಚ ಮುಜುಗರವೂ ಇತ್ತು, ಏಕೆಂದರೆ ಐದು ವರ್ಷ ಇದನ್ನು ಕಣ್ಣುಮುಚ್ಚಿ ಕಲಿಸಿದವರೂ ಅವರೇ. ಕಾಲರ್ ಮೈಕ್ ಉಗುಳು ನುಂಗಿದ ಸದ್ದನ್ನು ಅವರ ಮೈಕೇ ಇಡೀ ಸಭೆಗೆ ಕೇಳಿಸಿತು.

ನಿರ್ದೇಶಕರ ಆಕಳಿಕೆ ನಿಂತಿತ್ತು. ಆಕೆ ಹೋಗಿ ಅವರ ಕೈಗೆ ನೋಟ್‌ಬುಕ್ ಕೊಟ್ಟಳು. ಒಳಗೆ ಮೂಲ ಹಾಳೆ, ಅದರ ಹಿಂಬದಿಯಲ್ಲಿ ಪ್ರಶ್ನೆ ಮತ್ತು ಉತ್ತರ. ಮುಂದಿನ ಪುಟಗಳಲ್ಲಿ ಗುರುವಾರದ ಸುಳ್ಳನ್ನು ಹಿಡಿದ ಹನ್ನೊಂದು ಮಕ್ಕಳ ರುಜು, ತಾರೀಖಿನ ಸಮೇತ. ಮೊದಲ ರುಜು ಕೈಪಿಡಿಗಿಂತ ಎರಡು ವರ್ಷ ಹಳೆಯದು.

"ಏಳನೇ ಕ್ಲಾಸಿನವರಾ ಇವರೆಲ್ಲ?" ನಿರ್ದೇಶಕರು ಕೇಳಿದರು.

"ಒಬ್ಬಳು ಆರನೇ ಕ್ಲಾಸು ಸರ್."

ಅವರು ನೋಟ್‌ಬುಕ್ ಮುಚ್ಚಿ ಸಹಾಯಕನ ಕಡೆ ತಿರುಗಿದರು. "ಆ ಆದೇಶ ಇವತ್ತು ಓದೋದು ಬೇಡ. ಪುಸ್ತಕದ ಕಟ್ಟೂ ಬಿಚ್ಚಬೇಡಿ. ಮೇಡಂ ಹೆಸರು ಹಾಕಿ ಮತ್ತೆ ಅಚ್ಚಾಗಲಿ."

"ಎರಡೂ ಬದಿ ಸರ್," ಅಂದಳು ಆಕೆ.

ಟೀ ಹೊತ್ತಿನಲ್ಲಿ ಕಾಲರ್ ಮೈಕ್ ಅವಳ ಬಳಿ ಬಂದರು. ಅಂಗಿಯ ಮೇಲೆ ಮೈಕ್ ಇರಲಿಲ್ಲ. "ಒಂದು ಮಾತು ನನ್ನನ್ನ ಪಕ್ಕಕ್ಕೆ ಕರೆದು ಹೇಳಬಹುದಿತ್ತು ಮೇಡಂ."

"ನೀವು ನನ್ನನ್ನ ಪಕ್ಕಕ್ಕೆ ಕರೆದು ನಕ್ಕಿದ್ರಾ ಸರ್?"

ಆಕೆ ಎರಡನೆಯ ಬಿಸ್ಕತ್ತು ತೆಗೆದುಕೊಂಡಳು.

ಸಂಜೆ ಅಭಿಪ್ರಾಯದ ಹಾಳೆ ಹಂಚಿದರು. 'ತರಬೇತಿದಾರರ ಬಗ್ಗೆ' ಎಂಬಲ್ಲಿ ಆಕೆ ಬರೆದಳು: 'ವಿಷಯವನ್ನು ಇನ್ನೂ ಅರ್ಥ ಮಾಡಿಕೊಳ್ಳಬೇಕಿದೆ.' ಹಿಂದಿನ ಬೆಂಚಿನಿಂದಲೂ ಓದಬಹುದಾದಷ್ಟು ದೊಡ್ಡ ಅಕ್ಷರ. ಜಾಗ ಸಾಲದೆ ಕೊನೆಯ ಪದ ಮುಂದಿನ ಕಾಲಮ್ಮಿಗೆ, 'ಊಟದ ವ್ಯವಸ್ಥೆಯ ಬಗ್ಗೆ' ಎಂಬಲ್ಲಿಗೆ ಹೋಯಿತು.

ಮನೆಯಲ್ಲಿ ಅತ್ತೆ ಗೇಟಿನಲ್ಲೇ ನಿಂತಿದ್ದರು.

"ಅತ್ತನಾ?"

"ಇಲ್ಲ ಅತ್ತೆ. ಬೆವೆತರು."

"ಛೇ. ಜಾಸ್ತಿ ಬೆವೆತನಾ?"

"ಅಂಗಿ ಒದ್ದೆ ಆಗೋಷ್ಟು."

"ಹಾಗಿದ್ರೆ ಸರಿ. ಕೈಕಾಲು ತೊಳ್ಕೊಂಡು ಬಾ." ಒಳಗೆ ಹೋಗುತ್ತಿದ್ದವರು ತಿರುಗಿ ನಿಂತರು. "ಯಾಕೆ ಮುಖ ಹಾಗಿದೆ? ಗೆದ್ದು ಬಂದವಳ ಥರ ಇಲ್ವಲ್ಲ."

"ಗುರುವಾರದ ಸುಳ್ಳು ಇನ್ನು ಎಲ್ಲರಿಗೂ ಗೊತ್ತಾಗಿಹೋಯ್ತು ಅತ್ತೆ. ಏಳು ವರ್ಷ ಚೆನ್ನಾಗಿ ಕೆಲಸ ಮಾಡಿತ್ತು."

ಅತ್ತೆ ಗೋಡೆಗೆ ಒರಗಿಸಿದ್ದ ಸ್ಟೂಲನ್ನು ಎಳೆದು ಮೀಟರಿನ ಕೆಳಗಿಟ್ಟರು. "ಹೊಸ ಹಾಳೆ ತಗೊಂಡು ಬಾ. ಇನ್ನೂ ಆರು ಗಂಟೆ ಆಗಿಲ್ಲ."