ಖಾರದ ಕೈಗೆ ಮಿಂಚಿನ ಬಣ್ಣ

ಈಗ ತಾನಾಗೇ ಕೇಳಿ ಹಚ್ಚಿಕೊಂತಾಳ. ಮುಂಜಾನೆ ಮೆಣಸಿನಕಾಯಿ ರಾಶಿ ಮುಂದ ಕುಂದ್ರೂಕಿಂತ ಮೊದ್ಲ ರೋಹಿಣಿ ನನ್ನ ಕಡೆ ಎರಡೂ ಕೈ ಚಾಚಿ, "ಎಣ್ಣಿ ಹಾಕ ಯಕ್ಕಾ" ಅಂತಾಳ. ಹಾಕ್ತೇನಿ. ಬೈಕೋಂತ ಹಾಕ್ತೇನಿ. ಆ ಉಗುರು ನೋಡಿ ಬೈಯಲಾರದ ಹೆಂಗ ಇರ್ಲಿ?

ನಾ ಫಕ್ಕೀರವ್ವ. ಬ್ಯಾಡಗಿ ಪ್ಯಾಟ್ಯಾಗ ಬಾಯಿಬಡಕಿ ಫಕ್ಕೀರವ್ವ ಅಂತ ಕೇಳ್ರಿ, ಯಾರರ ತೋರಸ್ತಾರ. ನಮ್ಮ ಕೆಲಸ ಒಣಮೆಣಸಿನಕಾಯಿ ತುಂಬು ಬಿಡಿಸೋದು. ತುಂಬು ಅಂದ್ರ ಕಾಯಿ ತಲಿಮ್ಯಾಲಿನ ತೊಟ್ಟು. ಹೆಬ್ಬಟ್ಟಿನ ಉಗುರು ಕೊಟ್ಟು ಚಿವುಟಿದ್ರ ಟಪ್ ಅಂತ ಬರತೈತಿ. ಹೊತ್ತು ಮುಣಗೂತನ ಹಂಗ ಚಿವುಟಬೇಕು. ಖಾರ ಉಗುರಸಂದ್ಯಾಗ ಇಳಿದು ಕುಂದ್ರತೈತಿ, ಸಂಜೀಕ ಎಷ್ಟ ಸಾಬಾಣ ಹಚ್ಚಿ ತಿಕ್ಕಿದ್ರೂ ಹೋಗಂಗಿಲ್ಲ. ಅದಕ್ಕ ನಾವೆಲ್ಲ ಕೆಲಸಕ್ಕ ಕುಂದ್ರೂ ಮುಂದ ಔಡಲ ಎಣ್ಣಿ ಹಚ್ಚಿಕೊಂತೀವಿ. ಎಣ್ಣಿ ಇದ್ರ ಖಾರ ಒಳಗ ಇಳಿಯಂಗಿಲ್ಲ. ಹೊಸದಾಗಿ ಬಂದಾಕಿಗೆ ಮೊದಲ ದಿನ ಕಲಸೋದ ಅದು. ರೋಹಿಣಿಗೂ ನಾನ ಕಲಿಸಿದ್ದೆ.

ಆಕಿ ಮೇಡ್ಲೇರಿ ಹುಡುಗಿ. ಹೊಳಿ ನೀರು ಕುಡದು ಬೆಳದಾಕಿ, ಹೊಲದ ಕೆಲಸ ಗೊತ್ತಿತ್ತ ಹೊರ್ತು ಈ ಖಾರ ಗೊತ್ತಿರಲಿಲ್ಲ. ಬ್ಯಾಡಗಿಗೆ ಲಗ್ನ ಆಗಿ ಬಂದ್ಲು. ಹೊಟ್ಟ್ಯಾಗ ಕೂಸಿರುವಾಗ ಗಂಡ ಇನ್ನೊಬ್ಬಾಕಿನ ಕಟಗೊಂಡು ಎತ್ತಾಗೋ ಹಾಳಾಗಿ ಹೋದ. ಅತ್ತಿ ಒಳ್ಳೆಯಾಕಿ, ಕೂಸಿನ್ನ ನೋಡಿಕೊಂಡ್ಲು. ರೋಹಿಣಿ ನಮ್ಮ ಕೂಡ ಶೇಖಪ್ಪ ಸಾವ್ಕಾರನ ಗೋದಾಮಿಗೆ ಬರಾಕ ಹತ್ತಿದ್ಲು.

ಬಂದ ಹೊಸದಾಗ ಒಂದಿನ ಸಂಜೀಕ ಮನೀಗೆ ಹೋದಾಕಿ ಕೂಸಿನ ಗಲ್ಲ ಹಿಡದು ಮುದ್ದು ಮಾಡ್ಯಾಳ. ಕೂಸು ಚಿಟ್ಟನ ಚೀರಿತಂತ. ಕಣ್ಣಿಗೆ ಖಾರ ಹತ್ತಿ ಅರ್ಧ ರಾತ್ರಿತನಾ ಅತ್ತೈತಿ. ಅವತ್ತಿನಿಂದ ಅವ್ವ ಕೈ ಚಾಚಿದ್ರ ಸಾಕು, "ಖಾರ!" ಅಂತ ಅಜ್ಜಿ ಸೆರಗಿನ್ಯಾಗ ಮಾರಿ ಮುಚ್ಚಿಕೊಳ್ಳೋದು. ಉಣಸೋದು ಅಜ್ಜಿ, ತಲಿ ಬಾಚೋದು ಅಜ್ಜಿ. ಹಡದಾಕಿ ದೂರ ಕುಂತು ನೋಡೋದು. "ಯಕ್ಕಾ, ಖಾರ ಮುಟ್ಟದಂಥಾ ಕೆಲಸ ಎಲ್ಲೆರ ಇದ್ರ ಹೇಳ. ನನ್ನ ಕೂಸು ನನ್ನ ಕೈಗೆ ಬರಬೇಕ" ಅಂತಿದ್ಲು. ಅದೊಂದ ಆಸೆ. ಬ್ಯಾರೆ ಬಂಗಾರ ಬೆಳ್ಳಿ ಏನೂ ಕೇಳಿದಾಕಿ ಅಲ್ಲ.

ಆ ಸುಗ್ಗ್ಯಾಗ ಸಾವ್ಕಾರನ ಮನ್ಯಾಗ ವರ್ಷದ ಖಾರಪುಡಿಗೆ ಕಾಯಿ ಬಿಡಿಸಾಕ ನಮ್ಮಿಬ್ಬರನ್ನ ಕರೆಸಿದ್ರು. ಮನಿ ಗೋದಾಮಿನ ಮ್ಯಾಲ. ಸಾವ್ಕಾರನ ಸೊಸಿ ಶೈಲಶ್ರೀ ರಾಣೆಬೆನ್ನೂರಿನಾಕಿ, ನೋಡಾಕ ಚಂದ, ಮಾತು ಬೆಣ್ಣಿ. ನಮ್ಮ ಮುಂದ ಹಾದು ಹೋಗಾಕಿ ನಿಂತ್ಲು. ಬಗ್ಗಿ ರೋಹಿಣಿ ಕೈ ಎತ್ತಿ ನೋಡಿದ್ಲು. ಖರೇ ಹೇಳ್ತೇನಿ, ಆಗ ಆ ಹುಡುಗಿ ಉಗುರು ಹಂಗ ಇದ್ದೂ. ಉದ್ದಕ, ನುಣ್ಣಗ, ಸುಲಿದ ಬದಾಮಿ ಹಂಗ.

"ಅಯ್ಯ, ಇಂಥಾ ಉಗುರು ಇಟಗೊಂಡು ಇಲ್ಲಿ ಯಾಕ ಕುಂತಿ?" ಅಂದ್ಲು ಶೈಲಶ್ರೀ. "ಹಾವೇರ್ಯಾಗ ಬಸ್ ಸ್ಟ್ಯಾಂಡ್ ಕಡೆ ನಾ ಲೇಡೀಸ್ ಅಂಗಡಿ ಹಾಕಾಕತ್ತೇನಿ. ಜಿಲ್ಲಾ ಆದಮ್ಯಾಲ ಅಲ್ಲಿ ಮಂದಿಗೆ ಎಲ್ಲಾ ಬೇಕಾಗೇತಿ. ನೇಲ್ ಪಾಲಿಶ್ ಹಚ್ಚಿ ತೋರ್ಸಾಕ ಒಬ್ಬಾಕಿ ಬೇಕು. ನೀ ಕುರ್ಚಿ ಮ್ಯಾಲ ಕುಂದ್ರು, ಗಿರಾಕಿ ಕೈಗೆ ಬಣ್ಣ ಹಚ್ಚು. ಮೆಣಸಿನಕಾಯಿ ಮಾರಿ ನೋಡೂದ ಬ್ಯಾಡ."

ರೋಹಿಣಿ ಕಣ್ಣಾಗ ನೀರು ಬಂತು. ಶೈಲಶ್ರೀ ನಕ್ಕು, "ಆದ್ರ ಅಂಗಡ್ಯಾಗ ಯಾವ ಮಾಲು ಇಡಬೇಕು ಅಂತ ಮೊದ್ಲ ನೋಡಬೇಕಲ್ಲ. ದಿನಾ ಸಂಜೀಕ ಬಾ" ಅಂದ್ಲು.

ದಿನಾ ಹೋದ್ಲು. ಹುಬ್ಬಳ್ಳಿ, ದಾವಣಗೆರಿ, ಶೈಲಶ್ರೀ ಎಲ್ಲಿಂದ ಎಲ್ಲಿಂದ ತರಿಸಿದ್ಲೋ, ಮ್ಯಾಜಿನ ತುಂಬ ಬಾಟಲಿ. ಕೂಡ ರಾಣೆಬೆನ್ನೂರಿಂದ ತಂಗಿ ಐಶ್ವರ್ಯ ಬಂದು ಕುಂತಿದ್ಲು, ಕಾಲೇಜು ಮುಗಿಸಿದ ಹುಡುಗಿ. ಅಕ್ಕ ತಂಗಿ ಇಬ್ಬರೂ ತಮ್ಮ ಉಗುರಿಗೆ ಒಂದು ಹನಿ ಹಚ್ಚಿಕೊಳ್ಳಲಿಲ್ಲ. "ಮ್ಯಾಲಿಂದ ಮ್ಯಾಲ ಹಚ್ಚಿದ್ರ ಉಗುರು ಹಳದಿ ಆಗ್ತಾವ ಅಕ್ಕ" ಅಂತಿದ್ಲಂತ ತಂಗಿ. ಎಲ್ಲಾ ರೋಹಿಣಿ ಕೈಗೆ. ಹತ್ತು ಬೆರಳಿಗೆ ಹತ್ತು ಬಣ್ಣ.

ಮರುದಿನ ರಾಶಿ ಮುಂದ ಕುಂತು ನನಗ ಎಲ್ಲಾ ಹೇಳಾಕಿ. ಮುತ್ತಿನ ಹೊಳಪಿನ ಬಣ್ಣ ಒಂದ ಸರ್ತಿ ಹಚ್ಚಿದ್ರ ಬ್ರಷ್ಷಿನ ಗೆರಿ ಕಾಣತಾವಂತ, ಎರಡು ಸರ್ತಿ ಬೇಕಂತ. ಬೆಳ್ಳಿತಗಡಿನಂಥಾದ್ದು ಉಗುರಿನ ಮ್ಯಾಲಿನ ಸಣ್ಣ ಗೀರನ್ನೂ ಎತ್ತಿ ತೋರಸತೈತಂತ. ಇನ್ನೊಂದು ಐತಿ ಯಕ್ಕಾ, ಬಿಸಲಾಗ ಕೈ ತಿರುವಿದ್ರ ನವಿಲಿನ ಕುತ್ತಿಗಿ, ಟ್ಯೂಬ್‌ಲೈಟಿನ ಕೆಳಗ ನೋಡಿದ್ರ ಬಚ್ಚಲ ನೀರು! ಚಮಕಿ ಇರೂದು ಬಾಟಲಿ ತಳಕ್ಕ ಇಳಿದು ಕುಂದ್ರತೈತಿ, ಅಲ್ಲಾಡಿಸಿ ಹಚ್ಚಬೇಕು, ಒಣಗಿದಮ್ಯಾಲ ಉಸುಕು ಮುಟ್ಟಿದಂಗ. ಹೇಳೂ ಮುಂದ ಮಾರಿ ಅರಳಿರೋದು. ಹುಚ್ಚಿ.

"ಬಣ್ಣ ಎಷ್ಟು ತಡೀತೈತಿ ನೋಡಬೇಕಲ್ಲ" ಅಂತ ಶೈಲಶ್ರೀ ಆ ಬಣ್ಣದ ಕೈಯಾಗ ಮನಿ ಭಾಂಡೆ ಎಲ್ಲಾ ತಿಕ್ಕಸ್ತಿದ್ಲು. ಯಾವ ಬೆರಳಿಂದು ಮೊದ್ಲ ಕಿತ್ತು ಬಂತು ಅಂತ ಅಕ್ಕ ತಂಗಿ ನೋಡಿ, ಪಂದ್ಯ ಕಟ್ಟಿ ನಗೋದು. ಕಡೀಕ ಎಲ್ಲಾ ಒರಸಿ ಕಳಸೋದು. "ನಮ್ಮ ಬಣ್ಣ ಹಚಗೊಂಡು ಗೋದಾಮಿನ್ಯಾಗ ಕುಂದ್ರಬ್ಯಾಡ, ಮಂದಿ ಏನಂದಾರು?" ಒರಸೂ ರಿಮೂವರ್ ತುಟ್ಟಿ ಅಂತ ಬಾಗಲಕ್ಕ ಬಣ್ಣ ಹೊಡದು ಉಳಿದ ಥಿನ್ನರ್ ಕೊಡ್ತಿದ್ಲು. ಚಮಕಿ ಅದಕ್ಕೂ ಬಗ್ಗಂಗಿಲ್ಲ, ಬ್ಲೇಡ್ ತೊಗೊಂಡು ಕೆರೀಬೇಕು. ಮ್ಯಾಲ ಇನ್ನೊಂದು ಹುಕುಂ: "ಕೈಗೆ ಎಣ್ಣಿ ಹಚ್ಚಬ್ಯಾಡ. ಎಣ್ಣಿ ಉಗುರಿನ ಮ್ಯಾಲ ಬಣ್ಣ ಕುಂದ್ರಂಗಿಲ್ಲ."

ಅಲ್ರಿ, ಥಿನ್ನರ್ ಹಾಕಿ ಬ್ಲೇಡಿಲೆ ಕೆರದ ಉಗುರು, ಎಣ್ಣಿ ಇಲ್ಲ, ಮರುದಿನ ಹೊತ್ತು ಮುಣಗೂತನ ಮೆಣಸಿನಕಾಯಿ! ತುಂಬು ಚಿವುಟಿದಾಗೆಲ್ಲ ಆಕಿ ತುಟಿ ಕಚ್ಚೋದು ನಾ ನೋಡೀನಿ. ಉಗುರು ಮೊದ್ಲ ಹಳದಿ ಆದೂ, ಆಮ್ಯಾಲ ಪದರು ಪದರು ಎದ್ದೂ, ಬುಡಕ್ಕ ಹಸಿ ಮಾಂಸ ಕಂಡಿತು. "ಎಣ್ಣಿ ಹಚ್ಚಿಕೋ ಮೂಳಿ, ಕೈ ಕೊಳತು ಹೋಗ್ತಾವ" ಅಂತ ಬಾಟಲಿ ಹಿಡದ್ರ, ಕೈ ಹಿಂದ ಮುಚ್ಚಿಟಗೊಂತಿದ್ಲು. "ಅಂಗಡಿ ಚಾಲೂ ಆಗೂತನಾ ಅಷ್ಟ ಯಕ್ಕಾ. ಆಮ್ಯಾಲ ಖಾರಾನ ಇಲ್ಲ."

ಒಂದಿನ ಉಳಿದ ಬೆರಳು ಒರಸೂದ್ರಾಗ ಥಿನ್ನರ್ ತೀರಿತ್ತು. ಬಲಗೈ ಹೆಬ್ಬಟ್ಟಿಗೆ ಚಮಕಿ ಹಚ್ಚಿದ್ದು ಹಂಗ ಉಳೀತು. "ಮನೀಗೆ ಹೋಗಿ ಬ್ಲೇಡಿಲೆ ಕೆರಕೋ" ಅಂತ ಶೈಲಶ್ರೀ ಕಳಿಸಿದ್ಲು. ಮನಿಗೆ ಹೋಗಿ ಚಿಮಣಿ ಬೆಳಕಿನ್ಯಾಗ ಕುಂತು ಬ್ಲೇಡ್ ಹಿಡದಾಳ, ಕೂಸು ಅಜ್ಜಿ ತೊಡಿಮ್ಯಾಲಿಂದ ಇಳಿದು ಬಂದೈತಿ. ಮಿಣಮಿಣ ನೋಡೈತಿ. ಸಾವಕಾಶ ಬಂದು ಆ ಹೆಬ್ಬಟ್ಟನ್ನ ಮುಷ್ಟ್ಯಾಗ ಹಿಡಕೊಂಡು, "ಮಿಂಚು!" ಅಂದೈತಿ. ಹಂಗ ಹಿಡಕೊಂಡ ಅವ್ವನ ಮಗ್ಗಲಾಗ ಮಲಗೇತಿ.

ಇದನ್ನ ಹೇಳೂ ಮುಂದ ರೋಹಿಣಿ ಅತ್ಲು. ನಾ ಮಾತ್ರ ಬೈದೆ. "ಕೆರದಿಲ್ಲೇನ ಮತ್ತ? ಶೈಲಶ್ರೀ ನೋಡಿದ್ರ ಚರ್ಮ ಸುಲೀತಾಳ." ಆಕಿ ಹೆಬ್ಬಟ್ಟು ಮಡಚಿ, "ಹೆಂಗ ಕೆರೀಲಿ ಯಕ್ಕಾ? ಕೂಸು ಮತ್ತ ಕೇಳತೈತಿ" ಅಂದ್ಲು.

ನಾ ಬೈದದ್ದು ಶೈಲಶ್ರೀ ನೋಡ್ಯಾಳು ಅಂತ. ಆಗಿದ್ದು ಬ್ಯಾರೆ. ಮೆಣಸಿನಕಾಯಿ ತುಂಬು ಬಿಡಸೋದು ಹೆಬ್ಬಟ್ಟಿನ ಉಗುರಿಲೆ. ಚಿವುಟಿದಂಗೆಲ್ಲ ಚಮಕಿ ಚೂರು ಚೂರಾಗಿ ಕಿತ್ತು ಕಾಯಿಗೆ ಹತ್ತಕೋಂತ ಹೋಗಿತ್ತು. ಆಕಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಅವತ್ತ ಮಧ್ಯಾಹ್ನ ಹೊರಗಿನ ಖರೀದಿದಾರ ಬಂದು ಒಂದು ಬೊಗಸಿ ಕಾಯಿ ಎತ್ತಿ ಬಿಸಲಿಗೆ ಹಿಡದ. ಹಿಡದಾಂವ ಕೆಳಗ ಚೆಲ್ಲಿದ. "ಏನ್ರೀ ಶೇಖಪ್ಪ, ಕಾಯಿಗೆ ಬಣ್ಣ ಹೊಡಸೀರೇನ? ಮಿಂಚಾಕತ್ತಾವಲ್ಲ!" ಬ್ಯಾಡಗಿ ಪ್ಯಾಟ್ಯಾಗ ವ್ಯಾಪಾರಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಸಾವ್ಕಾರ ಆಣಿ ಮಾಡಿದ, ಕೈ ಮುಗದ. ಆ ಮನಷ್ಯಾ ರಾಶಿಗೆ ರಾಶಿ ಬಿಟ್ಟು ಚಪ್ಪಲಿ ಮೆಟ್ಟಿ ಹೋಗೇಬಿಟ್ಟ.

ಸಾವ್ಕಾರ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. "ತೋರ್ಸ್ರಿ ಕೈ!" ಎಲ್ಲಾರೂ ಚಾಚಿದ್ವಿ. ರೋಹಿಣಿ ಹೆಬ್ಬಟ್ಟಿನ ಮ್ಯಾಲ ಅರ್ಧ ಉಳಿದ ಚಮಕಿ ಹೊಳಿಯಾಕತ್ತಿತ್ತು.

"ಯಾರ ಹಚ್ಚಿದ್ದು ಇದನ್ನ?"

ಗದ್ದಲಕ್ಕ ಶೈಲಶ್ರೀ ಮ್ಯಾಲಿಂದ ಇಳಿದು ಬಂದಿದ್ಲು. ರೋಹಿಣಿ ಆಕಿನ್ನ ನೋಡಿದ್ಲು. ನೋಡಕೋಂತ ನಿಂತ್ಲು. ಶೈಲಶ್ರೀ ಸೆರಗು ಸರಿ ಮಾಡಿಕೊಂಡು ಹತ್ತಿರ ಬಂದು, ಸತ್ತ ಇಲಿ ಬಾಲ ಹಿಡದಂಗ ಎರಡು ಬೆರಳಿಲೆ ಆ ಹೆಬ್ಬಟ್ಟು ಎತ್ತಿ, "ಇವರಿಗೂ ಶೋಕಿ ಬಂದೈತ್ರಿ ಮಾವಾರ. ಸಂತ್ಯಾಗ ಸಿಗೂ ಅಗ್ಗದ ಬಣ್ಣ" ಅಂದ್ಲು.

ನನ್ನ ಬಾಯಿ ತಡೀಲಿಲ್ಲ. "ಸುಳ್ಳ್ರೀ ಸಾವ್ಕಾರ್ರ! ನಿಮ್ಮ ಸೊಸಿನ ದಿನಾ ಹಚ್ಚಿ ಹಚ್ಚಿ ಈ ಹುಡುಗಿ ಕೈ ಹಾಳ ಮಾಡ್ಯಾಳ" ಅಂದೆ.

ಆಗ ರೋಹಿಣಿ ಏನಂದ್ಲು ಗೊತ್ತೇನು? "ಇಲ್ರಿ ಸಾವ್ಕಾರ್ರ. ನಾನ ಸಂತ್ಯಾಗ ತೊಗೊಂಡಿದ್ದೆ. ಫಕ್ಕೀರಕ್ಕ ಸುಳ್ಳ ಹೇಳಾಕತ್ತಾಳ."

ಇಬ್ಬರನ್ನೂ ಹೊರಗ ಹಾಕಿದ. ರಸ್ತಾಕ್ಕ ಬಂದಮ್ಯಾಲ ನಾ ಆಕಿ ರಟ್ಟಿ ಹಿಡದು ಅಲಗಾಡಿಸಿದೆ. "ನನ್ನ ಸುಳ್ಳಿ ಮಾಡಿದ್ಯಲ್ಲ, ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಆಕಿ ತಲಿ ಎತ್ತಲಿಲ್ಲ. "ಅಕ್ಕಾರ ಹೆಸರು ಹೇಳಿದ್ರ ಹಾವೇರಿ ಕುರ್ಚಿ ಹೋಗ್ತಿತ್ತು ಯಕ್ಕಾ. ಈಗ ಅವರು ನೆನಪ ಇಟ್ಕೊಂತಾರ" ಅಂದ್ಲು.

ಇಬ್ಬರೂ ಬ್ಯಾರೆ ಗೋದಾಮು ಹಿಡದ್ವಿ. ಅಂಗಡಿ ಪೂಜಾ ಐತಂತ ಕೇಳಿ ರೋಹಿಣಿ ಆ ದಿನ ಹಾವೇರಿಗೆ ಹೊಂಟಾಗ ನಾನೂ ಬಸ್ ಹತ್ತಿದೆ. ಒಬ್ಬಾಕಿನ್ನ ಬಿಡಾಕ ಮನಸ್ಸಾಗಲಿಲ್ಲ. ಇದ್ದುದ್ರಾಗ ಚಲೋ ಸೀರಿ ಉಟ್ಟಿದ್ಲು, ಕೂಸಿಗೆ "ಸಂಜೀಕ ಮಿಂಚು ತರ್ತೇನಿ" ಅಂತ ಹೇಳಿ ಬಂದಿದ್ಲು. ಅಂಗಡಿ ಮುಂದ ಬೋರ್ಡು: ಐಶ್ವರ್ಯ ಲೇಡೀಸ್ ಕಾರ್ನರ್. ಒಳಗ ಬಣ್ಣ ಹಚ್ಚೂ ಕುರ್ಚಿ ಮ್ಯಾಲ ಐಶ್ವರ್ಯ ಕುಂತಿದ್ಲು. ನಾ ಅಲ್ಲೇ ತಿಳಕೊಂಡೆ. ರೋಹಿಣಿ ತಿಳಕೊಳ್ಳಲಿಲ್ಲ, ತಿಳಕೊಂಡ್ರೂ ಒಪ್ಪಲಿಲ್ಲ.

"ಬಾ ಬಾ, ಚಲೋ ಆತು ನೀ ಬಂದದ್ದು" ಅಂತ ಶೈಲಶ್ರೀ ಪೇಡೆ ಕೊಟ್ಟು, ತಂಗಿ ಎದುರಿನ ಸ್ಟೂಲಿನ ಮ್ಯಾಲ ರೋಹಿಣಿನ್ನ ಕುಂದ್ರಿಸಿದ್ಲು. ಹುಡುಗಿ ಮಾರಿ ನೋಡಬೇಕಿತ್ತು, ಮದಲಗಿತ್ತಿ ಹಂಗ. ಗಿರಾಕಿ ಹೆಣ್ಮಕ್ಕಳು ಸುತ್ತ ಕೂಡಿದಮ್ಯಾಲ ಶೈಲಶ್ರೀ ಆಕಿ ಎರಡೂ ಕೈ ಎತ್ತಿ ಎಲ್ಲಾರಿಗೂ ತೋರಿಸಿದ್ಲು.

"ನೋಡ್ರಿ ಅಕ್ಕಾರ, ಮೆಣಸಿನಕಾಯಿ ಬಿಡಸೂ ಕೈ. ಸತ್ತ ಉಗುರು. ಹೇಸಿಗಿ ಬರತೈತಿ, ಹೌದಿಲ್ಲ? ಇಂಥಾದ್ರ ಮ್ಯಾಲೂ ನಮ್ಮ ಬಣ್ಣ ಹೆಂಗ ಕುಂದ್ರತೈತಿ ನೋಡ್ರಿ. ಇನ್ನ ನಿಮ್ಮಂಥಾವರ ಕೈಗೆ ಹೇಳೋದ ಬ್ಯಾಡ!"

ಒಬ್ಬಾಕಿ ಮೂಗು ಮುಚ್ಚಿಕೊಂಡ್ಲು. ಇನ್ನೊಬ್ಬಾಕಿ, "ಅಯ್ಯ ಪಾಪ, ರೋಗ ಏನ್ರಿ?" ಅಂತ ಕೇಳಿದ್ಲು. ಐಶ್ವರ್ಯ ನಕ್ಕೋಂತ ಒಂದೊಂದ ಬೆರಳಿಗೆ ಚಮಕಿ ಹಚ್ಚಿದ್ಲು. ನಾ ಎದ್ದು ರೋಹಿಣಿ ಭುಜ ಹಿಡದು, "ಏಳ, ಸಾಕ ಮಾಡು, ನಡಿ ಮನಿಗೆ" ಅಂದೆ. ಆಕಿ ನನ್ನ ಕಡೆ ನೋಡಲಿಲ್ಲ. ಬೆರಳು ಅಗಲಿಸಿ ಹಿಡಕೊಂಡ, "ತಡಿ ಯಕ್ಕಾ. ಇನ್ನಾ ಒಣಗಿಲ್ಲ" ಅಂದ್ಲು.

ಸಂಜೀಮಟ ಹಂಗ ಕುಂತ್ಲು. ಬಾಗಲಾ ಹಾಕೂ ಹೊತ್ತಿಗೆ "ನಾಳೆ ಎಷ್ಟೊತ್ತಿಗೆ ಬರ್ಲಿ ಅಕ್ಕಾರ?" ಅಂತ ಕೇಳಿದ್ಲು.

"ನಾಳೆ ಯಾಕ? ಇವತ್ತಿಗೆ ಮುಗೀತಲ್ಲ" ಅಂದ್ಲು ಶೈಲಶ್ರೀ. "ನಿನ್ನ ಉಗುರು ನೋಡಿದ್ರ ಯಾರ ಕೈ ಕೊಡ್ತಾರ ನಿನಗ ಬಣ್ಣ ಹಚ್ಚಾಕ? ನೀನ ಹೇಳ." ಆಮ್ಯಾಲ ತಂಗಿ ಕಡೆ ತಿರುಗಿ, "ಒರಸಿ ಕಳಸ. ಈ ಕೈಯಾಗ ನಮ್ಮ ಬಣ್ಣ ಬಸ್ಸಿನ ಮಂದಿ ನೋಡಬಾರದು" ಅಂದ್ಲು.

"ಒಂದ ಬೆರಳಿಂದು ಇರ್ಲ್ರಿ ಅಕ್ಕಾರ" ಅಂದ್ಲು ರೋಹಿಣಿ. "ನನ್ನ ಕೂಸಿಗೆ ತೋರ್ಸಬೇಕು."

ಐಶ್ವರ್ಯ ಥಿನ್ನರಿನ್ಯಾಗ ಅರಬಿ ಅದ್ದಿ ಹತ್ತೂ ಬೆರಳು ಒರಸಿದ್ಲು. ಬ್ಲೇಡಿಲೆ ಕೆರದ್ಲು. ಸಂದಿ ಬಿಡದ ಕೆರದ್ಲು. ನಾ ಬಾಯಿಗೆ ಬಂದಂಗ ಬೈದೆ, ಅವರ ಏಳು ತಲಿ ಎತ್ತಿ ಬೈದೆ, ಅಂಗಡಿ ಮುಂದ ಮಂದಿ ಕೂಡಿತು. ಅದರಿಂದ ಏನಾತು? ಏನೂ ಆಗಲಿಲ್ಲ.

ಬ್ಯಾಡಗ್ಯಾಗ ಬಸ್ ಇಳಿದ್ವಿ. ಮನಿತನಕ ಬಿಟ್ಟು ಬರಬೇಕಂತ ನಾನೂ ಹೋದೆ. ಬಾಗಲಾ ತೆಗದದ್ದ ತಡ ಕೂಸು "ಅವ್ವಾ, ಮಿಂಚು" ಅಂತ ಓಡಿ ಬಂತು. ರೋಹಿಣಿ ಹೊಸ್ತಿಲದಾಗ ಕುಂತು ಕೈ ತೋರಿಸಿದ್ಲು. ಕೂಸು ಮುಟ್ಟದ, ಬಗ್ಗಿ ಬಗ್ಗಿ ಒಂದೊಂದ ಬೆರಳು ನೋಡಿತು. ಮಿಂಚು ಎಲ್ಲೂ ಇರಲಿಲ್ಲ, ಕೆರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಖಾರ" ಅಂತು. ತಿರುಗಿ ಹೋಗಿ ಅಜ್ಜಿ ಸೆರಗು ಹೊದ್ದುಕೊಂತು.

ಅವತ್ತು ಆಕಿ ಒಂದು ಮೆಣಸಿನಕಾಯಿನೂ ಮುಟ್ಟಿರಲಿಲ್ಲ.