ಎತ್ತಿದಷ್ಟೂ ಇಳಿಯುತ್ತಿದ್ದ ಕಾರು

2001ರ ಬೇಸಿಗೆ. ನಾನು ಆಗ ಬೆಂಗಳೂರಿನ ಪೂರ್ವ ಭಾಗದ ಒಂದು ಅಗ್ನಿಶಾಮಕ ಠಾಣೆಯಲ್ಲಿ ಸ್ಟೇಷನ್ ಆಫೀಸರ್ ಆಗಿದ್ದೆ. ಹೆಸರಿಗೆ ಅಗ್ನಿಶಾಮಕ ಎಂದಿದ್ದರೂ ನಮಗೆ ಬರುತ್ತಿದ್ದ ಕರೆಗಳಲ್ಲಿ ಬೆಂಕಿಗಿಂತ ಬೇರೆ ಗೋಳುಗಳೇ ಹೆಚ್ಚು. ಇಂದಿರಾನಗರದಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡ ಮಗು, ಹಲಸೂರು ಕೆರೆಯ ಕೆಸರಿನಲ್ಲಿ ಸಿಕ್ಕಿಕೊಂಡ ಹಸು, ಶಿವಾಜಿನಗರದಲ್ಲಿ ಬಿಂದಿಗೆಯೊಳಗೆ ತಲೆ ತೂರಿಸಿಕೊಂಡ ನಾಯಿ. ಯಾರನ್ನು ಕರೆಯಬೇಕೆಂದು ತೋಚದಿದ್ದಾಗ ಜನ ನಮ್ಮನ್ನು ಕರೆಯುತ್ತಿದ್ದರು. ಅದಕ್ಕೆ ನಾನು ಗೊಣಗುತ್ತಿದ್ದುದೂ ಉಂಟು, ಒಳಗೊಳಗೇ ಬೀಗುತ್ತಿದ್ದುದೂ ಉಂಟು. ಬೆಂಕಿ ನನ್ನನ್ನು ಹಲವು ಸಲ ಹೆದರಿಸಿದೆ. ಆದರೆ ಮೈ ಜುಮ್ಮೆಂದು ರೋಮ ನಿಂತದ್ದು ಒಂದೇ ಸಲ. ಅದೂ ಮಟಮಟ ಮಧ್ಯಾಹ್ನ, ಬೆಂಕಿಯ ಸುಳಿವೇ ಇಲ್ಲದ ಒಂದು ಮನೆಯಂಗಳದಲ್ಲಿ.

ಕರೆ ಬಂದದ್ದು ಕೆ.ಆರ್. ಪುರದ ಆಚೆಯ ಒಂದು ಹಳೆಯ ಊರಿನಿಂದ. ಅಂಗಳದಲ್ಲಿ ಕಾರು ರಿಪೇರಿ ಮಾಡುತ್ತಿದ್ದವನ ಮೇಲೆ ಕಾರು ಕುಸಿದಿದೆ, ಮನುಷ್ಯ ಅಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಜೀವ ಇದೆ ಎಂದರು. ವಿಳಾಸ ಬರೆದುಕೊಂಡು ಫೋನ್ ಇಡಬೇಕು ಎನ್ನುವಷ್ಟರಲ್ಲಿ ಆ ಕಡೆಯ ಧ್ವನಿ ತಗ್ಗಿತು.

"ಬೇಗ ಬನ್ನಿ ಸಾರ್. ನಾವು ಎತ್ತಿದಷ್ಟೂ ಅದು ಕೆಳೀಕ್ ಹೋಗ್ತೈತೆ."

ಗಾಬರಿಯಲ್ಲಿ ಹಗ್ಗವೂ ಹಾವಾಗಿ ಕಾಣುತ್ತದೆ, ಇದೂ ಅಂಥದ್ದೇ ಎಂದುಕೊಂಡು ಗಾಡಿ ಹತ್ತಿದೆ.

ಅದು ಒಂದು ಕಾಲಕ್ಕೆ ರಾಗಿ ಹೊಲಗಳ ನಡುವಿನ ತೋಟದ ಮನೆ. ಹೊಲಗಳೆಲ್ಲ ಸೈಟುಗಳಾದ ಮೇಲೆ ಮನೆಯ ಯಜಮಾನತಿ ಪಿಳ್ಳಮ್ಮ ಅಂಗಳದ ಎರಡೂ ಬದಿಗೆ ಸಾಲು ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ನಡುವಿನ ಅಂಗಳಕ್ಕೆ ಉದ್ದಕ್ಕೂ ಕಲ್ಲಿನ ಚಪ್ಪಡಿ ಹಾಸಿತ್ತು. ಅಲ್ಲಿ ಐವತ್ತು ಜನವಾದರೂ ಸೇರಿದ್ದರು. ನಮ್ಮ ಊರಿನಲ್ಲಿ ಐವತ್ತು ಜನ ಸೇರಿದರೆ ನೂರು ಸಲಹೆ ಬರಬೇಕು. ಅಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಕಾರಿನಿಂದ ದೂರ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಆ ಮೌನ ನೋಡಿಯೇ ನನಗೆ ಏನೋ ಸರಿಯಿಲ್ಲ ಅನಿಸಿತು.

ಕಾರಿನ ಅಡಿಯಲ್ಲಿದ್ದವನು ಶರಣಪ್ಪ. ಯಾದಗಿರಿ ಕಡೆಯವನು, ಅಲ್ಲಿನ ಬಾಡಿಗೆದಾರ, ಟ್ಯಾಕ್ಸಿ ಓಡಿಸುವವನು. ಇಂಜಿನ್ ಆಯಿಲ್ ಸೋರುತ್ತಿದೆ ಎಂದು ರಜೆಯ ದಿನ ತಾನೇ ಕೆಳಗೆ ನುಗ್ಗಿದ್ದ. ಇಂಥ ಕರೆಗಳಲ್ಲಿ ನಾನು ಮೊದಲು ನೋಡುವುದು, ಮನುಷ್ಯ ಎಲ್ಲಿ ತಪ್ಪಿದ ಎಂದು. ಶರಣಪ್ಪ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟಿದ್ದ. ಹ್ಯಾಂಡ್ ಬ್ರೇಕ್ ಎಳೆದಿದ್ದ, ಗೇರಿಗೆ ಹಾಕಿದ್ದ. ಜಾಕನ್ನು ಮಣ್ಣಿನ ಮೇಲಿಡದೆ ಚಪ್ಪಡಿಯ ಮೇಲಿಟ್ಟಿದ್ದ. ಎಲ್ಲಕ್ಕಿಂತ ಮುಖ್ಯವಾಗಿ ಬರೀ ಜಾಕನ್ನು ನಂಬದೆ, ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸಿದ್ದ. ಜಾಕ್ ಜಾರಿದರೂ ಕಾರು ಆ ಚಕ್ರದ ಮೇಲೆ ಕೂರುತ್ತದೆ, ಮನುಷ್ಯನ ಎದೆಯ ಮೇಲಲ್ಲ. ಹಾಗೇ ಆಗಿತ್ತು. ಜಾಕ್ ಪಕ್ಕಕ್ಕೆ ಉರುಳಿ ಬಿದ್ದಿತ್ತು, ಸ್ಟೆಪ್ನಿ ಕಾರನ್ನು ಹಿಡಿದಿತ್ತು. ಅವನ ಬಲಗೈ ಮಾತ್ರ ಒಂದು ಕಬ್ಬಿಣದ ಪಟ್ಟಿಯಡಿ ಸಿಕ್ಕಿತ್ತು, ಎದೆಗೂ ಇಂಜಿನ್‌ಗೂ ನಡುವೆ ಒಂದು ಗೇಣೂ ಇರಲಿಲ್ಲ. ಅವನ ಹೆಂಡತಿ ಮಲ್ಲಮ್ಮ ಹೊರಗೆ ಕಾಣುತ್ತಿದ್ದ ಅವನ ಎರಡೂ ಪಾದಗಳನ್ನು ತಬ್ಬಿ ಕೂತಿದ್ದಳು.

ನನ್ನ ಜೊತೆಗಿದ್ದ ಲೀಡಿಂಗ್ ಫೈರ್‌ಮನ್ ಅನ್ವರ್ ಶಿವಾಜಿನಗರದವನು. ತಂಡದ ಮುಂದಾಳು, ಬಡಕಲು ಮೈ, ಹಾವಿನಂತೆ ಎಲ್ಲಿ ಬೇಕಾದರೂ ನುಸುಳುವವನು. ಅವನು ನಮ್ಮ ಬಾಟಲ್ ಜಾಕ್ ತಂದು, ಕೆಳಗೆ ಒಂದು ಹಲಗೆ ಕೊಟ್ಟು ಪಂಪ್ ಮಾಡತೊಡಗಿದ. ಬಾಟಲ್ ಜಾಕ್ ಎಂದರೆ ಎಣ್ಣೆಯ ಒತ್ತಡದಿಂದ ಮೇಲೇರುವ ದಪ್ಪ ಕಂಬ. ಹಿಡಿಯನ್ನು ಒತ್ತಿದ ಹಾಗೆಲ್ಲ ಕಂಬ ಒಂದಿಷ್ಟು ಉದ್ದವಾಗುತ್ತದೆ, ಭಾರ ಮೇಲೇಳುತ್ತದೆ. ಅದರಲ್ಲಿ ಮಾಟ ಮಂತ್ರ ಏನಿಲ್ಲ.

ಕಂಬ ಉದ್ದವಾಯಿತು. ಕಾರು ಏಳಲಿಲ್ಲ. ಇನ್ನಷ್ಟು ಪಂಪ್ ಮಾಡಿದ. ಕಂಬ ಇನ್ನಷ್ಟು ಉದ್ದವಾಯಿತು. ಕಾರು ಇದ್ದಲ್ಲೇ ಇತ್ತು. ಅಲ್ಲ, ಇದ್ದಲ್ಲೂ ಇರಲಿಲ್ಲ. ಒಳಗಿನಿಂದ ಶರಣಪ್ಪ ನರಳಿದ.

"ನಿಲ್ಲಸ್ರೀ ಸಾಹೇಬ್ರ! ಇನ್ನಾ ಕೆಳಗ ಬರ್ಲಾಕತ್ತದ!"

ಅನ್ವರ್ ಕೈ ತೆಗೆದ. ಆಗ ಕೇಳಿಸಿತು. ಮೊದಲು ಕಲ್ಲು ಕಲ್ಲಿಗೆ ತಿಕ್ಕಿದ ಸಣ್ಣ ಕಿರುಗುಟ್ಟುವಿಕೆ. ಆಮೇಲೆ ಏನೂ ಇಲ್ಲ. ಒಂದು ಉಸಿರೆಳೆದು ಬಿಡುವಷ್ಟು ಹೊತ್ತಾದ ಮೇಲೆ, ನಮ್ಮ ಕಾಲುಗಳ ಕೆಳಗೆ ಎಲ್ಲೋ ಬಹಳ ದೂರದಲ್ಲಿ, ಗುಳುಂ.

ನಾನು ನೆಲಕ್ಕೆ ಮಲಗಿ ಅವನ ಮುಖ ನೋಡಿದೆ. ಅಂಥ ಬಿಸಿಲಿನಲ್ಲೂ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಬೆನ್ನಿಗಿ ತಣ್ಣನ ಗಾಳಿ ಬಡಿಲಾಕತ್ತದ್ರಿ. ಕೆಳಗ ಯಾರೋ ಉಸುರ್ ಬಿಡ್ಲಾಕತ್ತಾರ್ರಿ."

ನೋವಿನಲ್ಲಿ ಬಡಬಡಿಸುತ್ತಿದ್ದಾನೆ ಎಂದುಕೊಂಡು ಚಪ್ಪಡಿಗೆ ಕಿವಿ ಹಚ್ಚಿದೆ. ನಿಧಾನವಾಗಿ, ಆಳದಿಂದ, ಒಳಕ್ಕೂ ಹೊರಕ್ಕೂ ಗಾಳಿ ಆಡುವ ಸದ್ದು. ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯೊಂದರ ಪಕ್ಕ ಮಲಗಿದ ಹಾಗಿತ್ತು. ಅಧಿಕಾರಿ ಎನ್ನುವ ಬಿಂಕವೆಲ್ಲ ಜರ್ರನೆ ಇಳಿದುಹೋಯಿತು. ನನಗೆ ಎದ್ದು ಓಡಿಹೋಗಬೇಕು ಅನಿಸಿತು, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅನ್ವರ್ ಮೆಲ್ಲಗೆ ಹೇಳಿದ: "ಇದು ಕಾರಿಂದ್ ಪ್ರಾಬ್ಲಮ್ ಅಲ್ಲ ಸಾರ್. ನೆಲದ್ದು."

ನಾನು ಎದ್ದು ನಿಂತು ಜನರ ಕಡೆ ತಿರುಗಿ, ಇಲ್ಲಿ ಕೆಳಗೆ ಏನಿದೆ ಎಂದು ಕೂಗಿದೆ. ಬಾಡಿಗೆದಾರರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಎರಡು ಮೂರು ವರ್ಷಕ್ಕಿಂತ ಹಿಂದೆ ಬಂದವರಲ್ಲ. ಕೊನೆಗೆ ಎಲ್ಲರ ಕಣ್ಣೂ ಹೊಸಿಲ ಮೇಲೆ ನಿಂತಿದ್ದ ಪಿಳ್ಳಮ್ಮನ ಕಡೆ ಹೋಯಿತು. ಎಪ್ಪತ್ತು ದಾಟಿದ ಹೆಂಗಸು. ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅಮ್ಮಾ, ನಿಮ್ಮನ್ನೇ ಕೇಳ್ತಿರೋದು. ಈ ಕಲ್ಲಿನ ಕೆಳಗೆ ಏನಿದೆ? ಹೇಳಿ, ಅವನ ಜೀವ ಹೋಗುತ್ತೆ."

ಅವಳು ಬೇಡ ಬೇಡ ಎನ್ನುವಂತೆ ತಲೆಯಾಡಿಸಿದಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸರಕ್ಕನೆ ಒಳಗೆ ಹೋಗಿ ರಂಗೋಲಿ ಪುಡಿಯ ಡಬ್ಬಿ ಹಿಡಿದು ಬಂದಳು. ಬಗ್ಗಿ, ಕಾರಿನ ಎಡಗಡೆಯ ಒಂದು ಚಪ್ಪಡಿಯಿಂದ ಶುರುಮಾಡಿ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಯೋಚಿಸಲಿಲ್ಲ. ಗೆರೆ ಬಾಗುತ್ತಾ ಕಾರಿನ ಮೂತಿಯ ಅಡಿಯಲ್ಲಿ ಹಾದು, ಬಲಕ್ಕೆ ಸುತ್ತಿ, ಕಾರಿನ ಹೊಟ್ಟೆಯ ಕೆಳಗೆ ಹೋಯಿತು. ಈ ಬದಿಯಲ್ಲಿ ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂದು ಕೂಡಿತು. ಹತ್ತಡಿ ಅಗಲದ ಬಿಳಿ ವೃತ್ತ. ಆ ವೃತ್ತದೊಳಗೆ ಕಾರಿನ ಮುಂಭಾಗ ಇತ್ತು, ಶರಣಪ್ಪ ಇದ್ದ, ಮಲ್ಲಮ್ಮ ಇದ್ದಳು, ಅನ್ವರ್ ಇದ್ದ, ನಾನೂ ಇದ್ದೆ.

ಅದು ಬಾವಿ. ಹಿಂದೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರು ಸೇದುತ್ತಿದ್ದ ಕಪಿಲೆ ಬಾವಿ. ಹೊಲ ಹೋದ ಮೇಲೆ ಉದ್ದ ಚಪ್ಪಡಿಗಳನ್ನು ಅಡ್ಡ ಹೊದಿಸಿ ಮುಚ್ಚಿದ್ದರು. ನೀರಿನ ದೇವತೆ ಗಂಗಮ್ಮನಿಗೆ ಉಸಿರು ಕಟ್ಟಬಾರದೆಂದು ಗೋಡೆಯ ಮೂಲೆಯಲ್ಲಿ ಒಂದು ಕೊಳವೆ ಬಿಟ್ಟಿದ್ದರು. ಕಲ್ಲು ಸೀಳಿದ ಮೇಲೆ ಗಾಳಿ ಕೊಳವೆಗೂ ಬಿರುಕಿಗೂ ಆಡತೊಡಗಿತ್ತು, ನಾನು ಕೇಳಿದ ಉಸಿರು ಅದು. ಮುಚ್ಚಿದ ಮೇಲೆ ಅದರ ಹೆಸರನ್ನು ಆ ಅಂಗಳದಲ್ಲಿ ಎತ್ತಬಾರದು, ಮಲಗಿದ ಗಂಗಮ್ಮ ಎದ್ದು ಬಾಯಿ ತೆರೆಯುತ್ತಾಳೆ ಎಂದು ಪಿಳ್ಳಮ್ಮನ ಅತ್ತೆ ಆಣೆ ಇಡಿಸಿದ್ದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಾದದ್ದು ಇಷ್ಟೇ: ನಾವೆಲ್ಲ ಒಂದು ಸೀಳಿದ ಮುಚ್ಚಳದ ಮೇಲೆ ನಿಂತಿದ್ದೇವೆ. ನಾಲ್ಕು ಚಕ್ರಗಳಿಗೆ ಹಂಚಿಹೋಗುವ ಭಾರವೆಲ್ಲ ಜಾಕ್ ಇಟ್ಟಾಗ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ, ಅದಕ್ಕೇ ಕಲ್ಲು ಸೀಳಿದೆ. ಎತ್ತಲು ಬಂದವರ ಮೈಭಾರವೂ ಅದರ ಮೇಲೇ ಬಿದ್ದಿದೆ.

ಅನ್ವರನೂ ನಾನೂ ಬೆಕ್ಕಿನ ಹೆಜ್ಜೆಯಲ್ಲಿ ಗೆರೆಯ ಆಚೆ ಬಂದೆವು. ಮಲ್ಲಮ್ಮ ಕದಲಲಿಲ್ಲ. ಕರೆದೆ, ಗದರಿದೆ, ಕೈಮುಗಿದೆ. ಪಾದ ಬಿಟ್ಟರೆ ಗಂಡ ಕೆಳಗೆ ಹೋಗಿಬಿಡುತ್ತಾನೆ ಎನ್ನುವ ಹಾಗೆ ಇನ್ನೂ ಬಿಗಿಯಾಗಿ ಹಿಡಿದಳು. ಪಿಳ್ಳಮ್ಮ ಗೆರೆಯ ಅಂಚಿಗೆ ಬಂದು ಕೈ ಚಾಚಿದಳು.

"ಬಾರವ್ವ ಮಲ್ಲಿ. ನಿನ್ ಭಾರನೂ ಅವನ ತಲೆ ಮ್ಯಾಲೇ ಬೀಳ್ತದೆ."

"ಕಾಲ ಬಿಡು ಮಲ್ಲಿ," ಎಂದ ಶರಣಪ್ಪ ಒಳಗಿನಿಂದ. "ನಾ ಎಲ್ಲಿಗಿ ಹೋಗಂಗಿಲ್ಲ."

ಅವಳು ಬಿಟ್ಟಳು. ಪಿಳ್ಳಮ್ಮನ ಕೈ ಹಿಡಿದು ತೆವಳಿಕೊಂಡು ಹೊರಗೆ ಬಂದಳು.

ಈಗ ಗೆರೆಯ ಹೊರಗಿನಿಂದ ಎತ್ತಬೇಕಿತ್ತು. ಕಾರಿನ ಹಿಂಭಾಗಕ್ಕೆ ಹಗ್ಗ ಬಿಗಿದು ಗೇಟಿನ ಆಚೆ ನಿಂತಿದ್ದ ನಮ್ಮ ಗಾಡಿಗೆ ಕಟ್ಟಿಸಿದೆ, ಕಾರು ಮುಂದಕ್ಕೆ ಜಾರಬಾರದೆಂದು. ಕಾರಿನ ಮೂತಿಯ ಅಂಚಿನ ಕೆಳಗೆ, ಗೆರೆಯಿಂದ ಒಂದು ಗೇಣು ಈಚೆ, ಅರಿಶಿನ ಕುಂಕುಮ ಬಳಿದು ಹೂವಿಟ್ಟ ಒಂದು ಕಲ್ಲಿತ್ತು. ಕಪಿಲೆಯ ಕಂಬ ನೆಟ್ಟಿದ್ದ ಕಲ್ಲು, ಆಳೆತ್ತರ ಭೂಮಿಯೊಳಗೆ ಹೂತದ್ದು. ಅದರ ಮೇಲೆ ಜಾಕ್ ಇಟ್ಟರೆ ಕಾರಿನ ಮುಂದಿನ ಗಟ್ಟಿ ಪಟ್ಟಿಗೆ ಸರಿಯಾಗಿ ಸಿಗುತ್ತಿತ್ತು. ಆ ಅಂಗಳದಲ್ಲಿ ನಂಬಬಹುದಾದ ಜಾಗ ಅದೊಂದೇ. ಪಿಳ್ಳಮ್ಮನ ಮುಖ ನೋಡಿದೆ. ಅವಳು ಹೂವನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು.

"ಬೂಟ್ಸ್ ಬಿಚ್ಚಿ ನಿಂತ್ಕಳಿ. ಅಷ್ಟು ಸಾಕು."

ಕರ್ತವ್ಯದ ಮೇಲಿರುವಾಗ ಬೂಟು ಬಿಚ್ಚುವುದು ನಮ್ಮ ನಿಯಮಕ್ಕೆ ವಿರುದ್ಧ. ಅನ್ವರ್ ನನಗಿಂತ ಮೊದಲೇ ಬಿಚ್ಚಿಟ್ಟಿದ್ದ.

ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನಾನೇ ಪಂಪ್ ಮಾಡಿದೆ. ಅನ್ವರ್ ಏಣಿಯನ್ನು ವೃತ್ತಕ್ಕೆ ಅಡ್ಡಲಾಗಿ, ಎರಡೂ ತುದಿ ಗೆರೆಯ ಆಚೆ ಕೂರುವಂತೆ ಹಾಕಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿ ಮುಂದೆ ಸರಿದ. ಈ ಸಲ ಕಂಬ ಉದ್ದವಾದಂತೆ ಕಾರು ಎದ್ದಿತು. ಕೂದಲೆಳೆಯಷ್ಟು, ಆಮೇಲೆ ಬೆರಳಷ್ಟು. ಕೈ ಬಿಡಿಸಿಕೊಂಡ ಶರಣಪ್ಪ ಕಿರುಚಿದ. ಅನ್ವರ್ ಅವನ ಕಂಕುಳಿಗೆ ಹಗ್ಗ ಸುತ್ತಿದ. ಹೊರಗಿನಿಂದ ನಾಲ್ಕು ಜನ ಎಳೆದರು. ಅವನ ಹಿಮ್ಮಡಿ ಬಿಳಿ ಗೆರೆ ದಾಟಿ, ಅನ್ವರ್ ಏಣಿಯಿಂದ ಹೊರಳಿ ಬರುವಷ್ಟರಲ್ಲಿ ಸ್ಟೆಪ್ನಿ ಸಮೇತ ಚಪ್ಪಡಿಯ ಒಂದು ಹೋಳು ಸದ್ದಿಲ್ಲದೆ ಮಾಯವಾಯಿತು. ಸದ್ದು ಆಮೇಲೆ ಬಂತು. ಕಪ್ಪು ಕಿಂಡಿಯಿಂದ ಮಡಕೆ ನೀರಿನಂತೆ ತಣ್ಣಗಿನ ಗಾಳಿ ಎದ್ದು ಎಲ್ಲರ ಮುಖಕ್ಕೂ ಬಡಿಯಿತು. ಬಿದ್ದ ಕಲ್ಲಿನ ಅಂಚು ಪಿಳ್ಳಮ್ಮನ ಗೆರೆಯನ್ನು ಎಲ್ಲೂ ದಾಟಿರಲಿಲ್ಲ.

ಕೆಲವು ದಿನಗಳ ನಂತರ ಆಸ್ಪತ್ರೆಗೆ ಹೋದೆ. ಶರಣಪ್ಪನ ಕೈಗೆ ಪಟ್ಟಿ ಹಾಕಿದ್ದರು, ಪಕ್ಕೆಲುಬು ಎರಡು ಮುರಿದಿದ್ದವು. ಮಲ್ಲಮ್ಮನ ಪಕ್ಕ ಪಿಳ್ಳಮ್ಮ ಮುದ್ದೆ ಸಾರಿನ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದಳು. ನಾನು ನನ್ನ ಎಂದಿನ ಮೇಷ್ಟ್ರಗಿರಿ ತೆಗೆದೆ. "ಎಲ್ಲಾ ಸರಿಯಾಗಿ ಮಾಡಿದ್ದೀಯಪ್ಪ. ನೆಲ ಹೆಂಗಿದೆ ಅಂತ ಮನೆಯವರನ್ನ ಒಂದು ಮಾತು ಕೇಳೋದಲ್ವಾ?"

"ಕೇಳೀನ್ರಿ," ಎಂದ ಶರಣಪ್ಪ. "ಆ ಕುಂಕುಮದ ಕಲ್ಲು ಭಾಳ ಗಟ್ಟಿ ಕಾಣ್ತದ, ಅದರ ಮ್ಯಾಲ ಜಾಕ್ ಇಡ್ಲೇನಂತ ಅವ್ವಾರಿಗಿ ಕೇಳೀನಿ. ಅಲ್ಲಿ ಬ್ಯಾಡ ಅಂದ್ರು. ಅದಕ್ಕ ಬಾಜೂಕ ಇಟ್ಟೀನ್ರಿ."

ಪಿಳ್ಳಮ್ಮ ತಲೆ ತಗ್ಗಿಸಿದಳು.

"ಬ್ಯಾಡ ಅಂದೆ ಕಣಪ್ಪ. ಯಾಕೆ ಅಂತ ಹೇಳ್ಲಿಲ್ಲ. ಅದರ ಪಕ್ಕದಲ್ಲೇ ಬಾವಿ ಐತೆ ಅಂತ ಹೇಳ್ಲಿಲ್ಲ."

ಆ ಪದ ಬಾಯಿಂದ ಬಿದ್ದದ್ದು ಅವಳಿಗೇ ಆಮೇಲೆ ಅರಿವಾಯಿತು. ಗಕ್ಕನೆ ಮಾತು ನಿಲ್ಲಿಸಿ ವಾರ್ಡಿನ ನೆಲವನ್ನು ದಿಟ್ಟಿಸಿದಳು. ನಾನೂ ನೋಡಿದೆ, ನಗಲಿಲ್ಲ. ಏನೂ ಆಗಲಿಲ್ಲ. ಪಕ್ಕದ ಮಂಚದವನು ಕೆಮ್ಮಿದ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಅಷ್ಟು ವರ್ಷಗಳದ್ದೆಲ್ಲ ಸೇರಿಸಿ ಅತ್ತಳು.

ಆಮೇಲೆ ಹೊಸದಾಗಿ ಸೇರಿದ ಹುಡುಗರಿಗೆ ಜಾಕ್ ಪಾಠ ಮಾಡುವಾಗಲೆಲ್ಲ ನಾನು ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ಅಡ್ಡ ಸ್ಟೆಪ್ನಿ ಎಲ್ಲವನ್ನೂ ಹೇಳಿ ಕೊನೆಗೆ ನೆಲಕ್ಕೆ ಬರುತ್ತಿದ್ದೆ. ಕಾಲಿನಿಂದ ತಟ್ಟಿ ನೋಡಿದರೆ ಸಾಲದು, ಅಲ್ಲಿನ ಹಳಬರನ್ನು ಕೇಳಿ ಎನ್ನುತ್ತಿದ್ದೆ. ಅವರು ಬೇಡ ಎಂದರೆ ಮರ್ಯಾದೆಯಿಂದ ಪಕ್ಕಕ್ಕೆ ಸರಿಯಬೇಡಿ. ಶರಣಪ್ಪ ಹಾಗೆ ಸರಿದೇ ಬಾವಿಯ ಬಾಯಿಗೆ ಹೋಗಿದ್ದು. ಯಾಕೆ ಬೇಡ ಎಂದು ಇನ್ನೊಂದು ಸಲ ಕೇಳಿ. ಉತ್ತರ ಬರುವ ತನಕ ಕಾರಿನ ಕೆಳಗೆ ಹೋಗಬೇಡಿ.