ಹೇಳಿ ಕಳಿಸುತ್ತೇವೆ

ಆ ಭಾನುವಾರ ಮಧ್ಯಾಹ್ನ ಅತ್ತೆ ನನ್ನ ಇಂಟರ್‌ವ್ಯೂ ತೆಗೆದುಕೊಂಡರು. ಈ ಚಳಿ ದೇಶದ, ಸ್ಟೌಫ್‌ವಿಲ್ ಎಂಬ ಊರಿನ ನಮ್ಮ ಮನೆಯ ಸೋಫಾದ ಮೇಲೆ ಕೂತಿದ್ದರು. ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಶಾಲು. ಗಂಡ ಶಿಫ್ಟಿಗೆ ಹೋಗಿದ್ದರು. ಮಗಳು ಬೇಸ್‌ಮೆಂಟಿನಲ್ಲಿ ಫೋನ್ ನೋಡುತ್ತಿದ್ದಳು. ಗುರುವಾರ ಯೂನಿಯನ್‌ವಿಲ್ ಹತ್ತಿರದ ಒಂದು ಕಂಪನಿಯಲ್ಲಿ ನನ್ನ ನಿಜವಾದ ಇಂಟರ್‌ವ್ಯೂ ಇತ್ತು. ಕೋರ್ಸಿನ ಭಾಗವಾದ ನಾಲ್ಕು ತಿಂಗಳ ಕೆಲಸ ಅಲ್ಲಿ ಸಿಗದಿದ್ದರೆ ನನ್ನ ಡಿಪ್ಲೊಮಾ ಪೂರ್ತಿಯಾಗುತ್ತಿರಲಿಲ್ಲ. ಮತ್ತೆ ಬೇಕರಿಯ ಕೌಂಟರಿಗೆ ಹೋಗಬೇಕಿತ್ತು. ಆಗಲೇ ಎರಡು ಕಡೆ ಬೇಡ ಅಂದಿದ್ದರು. ಮನೆಯಲ್ಲಿ ಯಾರ ಜೊತೆಗಾದರೂ ಅಭ್ಯಾಸ ಮಾಡಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ಮನೆಯಲ್ಲಿ ಪುರುಸೊತ್ತಿದ್ದವರು ಅತ್ತೆ ಒಬ್ಬರೇ.

ಬಿಸಿನೆಸ್ ಮ್ಯಾನೇಜ್‌ಮೆಂಟಿಗೆ ನನ್ನನ್ನು ಕಳಿಸಿದವರೂ ಅವರೇ. ಎರಡು ವರ್ಷದ ಹಿಂದೆ ನಾನು ಕೋರ್ಸುಗಳ ಪಟ್ಟಿ ಹಿಡಿದು ಕೂತಾಗ ಪರಿಚಯದವರೆಲ್ಲ ವಯಸ್ಸಾದವರನ್ನು ನೋಡಿಕೊಳ್ಳುವ ಕೋರ್ಸ್ ತಗೊಳ್ಳಿ, ಕೆಲಸ ಗ್ಯಾರಂಟಿ ಎನ್ನುತ್ತಿದ್ದರು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ಬಟಾಣಿ ಅವರ ಮುಂದೆ ಇಟ್ಟವಳು ನಾನು.

"ನೀ ಎಲ್ಲಾ ಕೆಲಸ ಇನ್ನೊಬ್ಬರಿಗೆ ಹಚ್ಚತಿ," ಅಂದರು. "ಅದನ್ನ ಕಲಿಸೋ ಸಾಲಿ ಇದ್ರ ಅದಕ್ಕ ಹೋಗು."

ಪಟ್ಟಿಯಲ್ಲಿ ಹುಡುಕಿದೆ. ಇತ್ತು.

ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂಬುದಕ್ಕೆ, ಅರೋರಾ ಕಡೆ ಒಂದು ಮನೆ, ನೀವು ಮೆಟ್ಟಿಲು ಹತ್ತದ ಹಾಗೆ ಕೆಳಗೇ ಒಂದು ರೂಮು ಎಂದೆ. ನನ್ನ ಸುದ್ದಿ ಬ್ಯಾಡ, ನಿನ್ನದು ಹೇಳು ಎಂದರು. ಕೆಲಸದಲ್ಲಿ ಮಾಡಿದ ಒಂದು ತಪ್ಪು ಹೇಳಿ ಎಂಬುದಕ್ಕೆ, ನಾನು ಸಾಮಾನ್ಯವಾಗಿ ತಪ್ಪು ಮಾಡುವುದಿಲ್ಲ ಎಂದೆ. ಅತ್ತೆ ಹಾಳೆ ಕೆಳಗಿಟ್ಟರು.

"ಹುಬ್ಬಳ್ಳ್ಯಾಗೂ ಇದನ್ನ ಹೇಳಿದ್ದಿ."

ಹದಿನಾರು ವರ್ಷದ ಹಿಂದೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಸಾರಿಗೆ ಉಪ್ಪು ಹೆಚ್ಚಾದರೆ ಏನು ಮಾಡುತ್ತೀ? ಹೆಚ್ಚಾಗುವುದಿಲ್ಲ ಎಂದಿದ್ದೆ. ನಮ್ಮವ್ವ ಅಡಿಗೆಮನೆಯಲ್ಲಿ ಹಣೆ ಬಡಿದುಕೊಂಡಳಂತೆ. ಅತ್ತೆ ಚೂಡಾ ತಿಂದು ಮುಗಿಸಿ ಎದ್ದರು. ಮನೆಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದರು. ಹೆಣ್ಣು ನೋಡಲು ಬಂದವರು ಕೂತಲ್ಲೇ ಉತ್ತರ ಕೊಡುವುದಿಲ್ಲ. ಹನ್ನೊಂದು ದಿನದ ಮೇಲೆ, ಆಗಬಹುದು ಎಂದು ಹೇಳಿ ಕಳಿಸಿದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಂದ ನನಗೆ ಮುಂದೆ ಸಿಗಲಿಲ್ಲ. ಆ ಭಾನುವಾರ ನನಗೆ ಬೇಕಾಗಿದ್ದದ್ದೂ ಅಷ್ಟೇ.

"ಈ ಸಲ ಖರೇ ಹೇಳು," ಅಂದರು.

ಹೇಳಿದೆ. ಬೇಕರಿಯಲ್ಲಿ ಎರಡು ಕೇಕಿನ ಡಬ್ಬಿ ಅದಲುಬದಲು ಮಾಡಿದ್ದೆ. ನಿವೃತ್ತರಾಗುವ ಒಬ್ಬರಿಗೆ ಆನೆಮರಿಯ ಚಿತ್ರವಿದ್ದ, ಮಗುವೊಂದರ ಮೊದಲ ಹುಟ್ಟುಹಬ್ಬದ ಕೇಕ್ ಹೋಯಿತು. ಬೈಗುಳ ಹೊಸದಾಗಿ ಸೇರಿದ್ದ ಹುಡುಗಿಗೆ ಬಿತ್ತು. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಮಾಲೀಕರಿಗೆ ಹೇಳಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡು, ಹಾಳೆ ಮಡಚಿ, ಮೊಣಕಾಲು ಹಿಡಿದುಕೊಂಡು ಎದ್ದರು.

"ಆತು. ಮನೀಗೆ ಹೋಗಿ ಹೇಳಿ ಕಳಸ್ತೀವಿ."

ಮನೆ ಇದೇ ಅಲ್ಲವೇ, ಈಗಲೇ ಹೇಳಿಬಿಡಿ ಎಂದೆ.

"ಹಂಗ ಲಗೂನ ಹೇಳಬಾರದು. ಕಿಮ್ಮತ್ತು ಇರಂಗಿಲ್ಲ."

ಮಗಳು ಬೇಸ್‌ಮೆಂಟಿನಿಂದಲೇ ಇಂಗ್ಲಿಷಿನಲ್ಲಿ, ಅಮ್ಮನಿಗೆ ಕೆಲಸ ಸಿಕ್ಕಿತಾ ಎಂದು ಕೂಗಿ ಕೇಳಿದಳು. ಅಜ್ಜಿ ಅವಳಿಗೂ ಹೇಳಲಿಲ್ಲ. ಚಹಾ ಕೇಳಿದರು. ಕುಡಿದು, ಸಕ್ಕರೆ ಕಡಿಮೆ ಎಂದರು.

ಸೋಮವಾರ ಬೆಳಿಗ್ಗೆ ಚಹಾ ಒಯ್ದಾಗ ಅವರು ಎದ್ದಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಆ ದಿನ ಸಕ್ಕರೆ ಸರಿಯಾಗಿ ಹಾಕಿದ್ದೆ.

ಕಂಪನಿಗೆ ಇಮೇಲ್ ಬರೆದೆ. ಇಂಟರ್‌ವ್ಯೂ ಮುಂದಿನ ವಾರಕ್ಕೆ ಹಾಕಿದರು. ಇಬ್ಬರು ಮ್ಯಾನೇಜರುಗಳು ಕೂತಿದ್ದರು. ಐದು ವರ್ಷದ ಪ್ರಶ್ನೆ ಬಂತು. ಕೆಳಗಿನ ರೂಮಿನ ವಿಷಯ ಬಿಟ್ಟು ಉತ್ತರ ಹೇಳಿದೆ. ತಪ್ಪಿನ ಪ್ರಶ್ನೆಯೂ ಬಂತು. ಕೇಕಿನ ಕತೆ ಹೇಳಿದೆ, ಎರಡು ದಿನ ಸುಮ್ಮನಿದ್ದದ್ದನ್ನೂ ಹೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ಬರೆದುಕೊಂಡರು. ಕೊನೆಗೆ ಎದ್ದು ಕೈ ಕುಲುಕಿ, ತಿಳಿಸುತ್ತೇವೆ ಎಂದರು. ಎರಡೇ ದಿನದಲ್ಲಿ ತಿಳಿಸಿದರು.

ನಾಲ್ಕು ತಿಂಗಳು ಮುಗಿಯಿತು. ಡಿಪ್ಲೊಮಾ ಬಂತು. ಅದೇ ಕಂಪನಿಯಲ್ಲಿ ಉಳಿದಿದ್ದೇನೆ. ಈಗ ಮೂರು ಜನರಿಗೆ ಕೆಲಸ ಹಚ್ಚುತ್ತೇನೆ. ಮನೆಯಲ್ಲಿ ಬಟಾಣಿ ನಾನೇ ಸುಲಿಯುತ್ತೇನೆ.

ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಕಾದಿದ್ದೆ. ಈ ಸಲ ಒಂದು ವರ್ಷದ ಮೇಲಾಯಿತು. ಅತ್ತೆ ಇನ್ನೂ ಹೇಳಿ ಕಳಿಸಿಲ್ಲ.